ಸೂರ್ಯರಶ್ಮಿಯ ಕಪ್ಪು ಗೆರೆಗಳು

ಆಕಾಶಕಾಯಗಳ ದೂರವನ್ನೂ ಚಲನೆಯನ್ನೂ ಮನುಷ್ಯನು ಅಳೆಯಬಲ್ಲನು. ಆದರೆ ಅವು ಯಾವ ವಸ್ತುಗಳಿಂದ ಆಗಿವೆ ಎಂಬುದನ್ನು ಎಂದಿಗೂ ಅರಿಯಲಾರನು ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ ೧೮೩೫ರಲ್ಲಿ ಬರೆದಿದ್ದನು. ಆ ಕಾಲಕ್ಕೆ ಅದು ವಿವೇಕದ ಮಾತೇ ಆಗಿತ್ತು. ಸೂರ್ಯನಿಂದ ಒಂದು ಹಿಡಿ ದ್ರವ್ಯವನ್ನು ತಂದು ಪರೀಕ್ಷಿಸುವುದು ಯಾರಿಗೆ ತಾನೆ ಸಾಧ್ಯ? ಇಪ್ಪತ್ತನಾಲ್ಕು ವರ್ಷಗಳ ತರುವಾಯ ಆ ಮಾತನ್ನು ಹುಸಿಗೊಳಿಸಿದವನು ಗುಸ್ಟಾವ್ ಕಿರ್ಕಾಫ್.

ಕಿರ್ಕಾಫನು ೧೮೨೪ರ ಮಾರ್ಚ್ ೧೨ರಂದು ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ವಿದ್ಯಾರ್ಥಿಯಾಗಿದ್ದಾಗಲೇ, ೧೮೪೫ರಲ್ಲಿ, ವಿದ್ಯುನ್ಮಂಡಲಗಳನ್ನು ಕುರಿತ ಎರಡು ನಿಯಮಗಳನ್ನು ನಿರೂಪಿಸಿದನು. ೧೮೫೪ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಅಲ್ಲಿ ಅವನ ಮಿತ್ರನಾದ ರಸಾಯನವಿಜ್ಞಾನಿ ಬುನ್ಸೆನ್ನನು ಜ್ವಾಲೆಗೆ ಲವಣಗಳು ಕೊಡುವ ಬಣ್ಣವನ್ನು ಬಣ್ಣದ ಗಾಜುಗಳ ಮೂಲಕ ನೋಡಿ ಅವುಗಳನ್ನು ಗುರುತಿಸುತ್ತಿದ್ದನು. ಗಾಜಿನ ಬದಲು ಪಟ್ಟಕದ ಮೂಲಕ ನೋಡುವಂತೆ ಸೂಚಿಸಿದವನು ಕಿರ್ಕಾಫ್.

ಸೂರ್ಯನ ರೋಹಿತದಲ್ಲಿ ನೂರಾರು ಕಪ್ಪು ಗೆರೆಗಳಿರುವುದನ್ನು ಫ್ರೌನ್‌ಹೋಫರನು ೧೮೧೪ರಲ್ಲಿಯೇ ಗುರುತಿಸಿದ್ದನು. ಅವುಗಳಲ್ಲಿ ಡಿ ಎಂಬ ಜೋಡಿಗೆರೆಯು, ಉಪ್ಪು ಬೆರೆತ ಜ್ವಾಲೆಯ ಹಳದಿ ಗೆರೆಗಳು ಬೀಳುವ ಸ್ಥಾನದಲ್ಲಿಯೇ ಇತ್ತು. ೧೮೫೯ರ ಶರತ್ಕಾಲದಲ್ಲಿ ಕಿರ್ಕಾಫನು ಬಿಸಿಲಿಗೆ ಅಡ್ಡವಾಗಿ ಅಂಥ ಜ್ವಾಲೆಯನ್ನಿರಿಸಿ ನೋಡಿದನು. ಬಿಸಿಲು ಮಂದವಾಗಿದ್ದಾಗ ಜ್ವಾಲೆಯ ಹಳದಿ ಬೆಳಕು ಕಪ್ಪು ಗೆರೆಯನ್ನು ತುಂಬಿತು. ಬಿಸಿಲು ಪ್ರಖರವಾದಾಗಲೋ, ಗೆರೆಯು ಮೊದಲಿಗಿಂತ ಕಪ್ಪಾಯಿತು! ಬೆಳಕಿಗೆ ಬೆಳಕು ಸೇರಿದರೆ ಕತ್ತಲೆಯಾಗುವುದು ಹೇಗೆ? ಅವನು ಬಿಸಿಲನ್ನು ಬಿಟ್ಟು, ಕಾದು ಬೆಳ್ಳಗೆ ಉಜ್ವಲಿಸುವ ಸುಣ್ಣದ ಬೆಳಕನ್ನು, ಉಪ್ಪು ಬೆರೆತ ಮದ್ಯಸಾರದ ಜ್ವಾಲೆಯ ಮೂಲಕ ಹಾಯಿಸಿದನು. ಕಪ್ಪು ಗೆರೆಗಳಿಲ್ಲದ ಆ ರೋಹಿತದಲ್ಲಿಯೂ ಡಿ ಗೆರೆ ಮೂಡಿತು.

ಸೋಡಿಯಂ ಆವಿಯು ತಾನು ಸೂಸುವ ಬಣ್ಣವನ್ನೇ ಹೀರಿಕೊಳ್ಳುತ್ತದೆ. ಹಿಂದಿರುವ ಮೂಲವು ಆವಿಗಿಂತ ಹೆಚ್ಚು ಕಾದಿದ್ದರೆ, ಹೀರಿದಷ್ಟನ್ನು ಆವಿಯು ನಮ್ಮತ್ತ ಮರಳಿ ಸೂಸಲಾರದು; ಆ ಸ್ಥಾನ ಕಪ್ಪಾಗಿ ತೋರುತ್ತದೆ. ಹಾಗಾದರೆ ಸೂರ್ಯನ ವಾತಾವರಣದಲ್ಲಿ ಸೋಡಿಯಂ ಇರಲೇಬೇಕು. ಫ್ರಾನ್ಸಿನ ಫೂಕೊ ೧೮೪೯ರಲ್ಲಿಯೇ ಇಂಥ ಗೆರೆಯನ್ನು ಕಂಡಿದ್ದನೆಂಬುದು ನಿಜ. ಆದರೆ ಅದರಿಂದ ನಿಯಮವನ್ನು ಗ್ರಹಿಸಿ ಸೂರ್ಯನವರೆಗೆ ಒಯ್ದವನು ಕಿರ್ಕಾಫ್. ಲೋಹದ ಆವಿಯ ಪರಮಾಣುಗಳನ್ನು ಲೇಸರ್ ಕಿರಣದಿಂದ ಉದ್ರೇಕಿಸಿ, ಆಗ ಅವು ಬೇರಾವ ಬಣ್ಣಗಳನ್ನು ಹೀರುತ್ತವೆಂದು ಅಳೆಯುವ ಇಂದಿನ ವಿಜ್ಞಾನಿಗಳೂ ಈ ಹೀರಿಕೆಯ ಗೆರೆಗಳನ್ನೇ ಓದುತ್ತಾರೆ.

೧೮೬೦ ಮತ್ತು ೧೮೬೧ರಲ್ಲಿ ಮಿತ್ರರಿಬ್ಬರೂ ಸೀಸಿಯಂ, ರುಬಿಡಿಯಂ ಎಂಬ ಹೊಸ ಲೋಹಗಳನ್ನು ರೋಹಿತದ ಗೆರೆಗಳಿಂದಲೇ ಕಂಡುಹಿಡಿದರು. ಕಬ್ಬಿಣದ ಸುಮಾರು ೬೦ ಗೆರೆಗಳು ಸೂರ್ಯನ ಕಪ್ಪು ಗೆರೆಗಳೊಡನೆ ಹೊಂದುವುದನ್ನು ಕಿರ್ಕಾಫನು ತೋರಿಸಿದನು. ಇಷ್ಟೂ ಆಕಸ್ಮಿಕವಾಗಲಾರದೆಂದು ಗಣಿತದಿಂದ ಸಾಧಿಸಿದನು. ಸೂರ್ಯರೋಹಿತದ ವಿಸ್ತಾರವಾದ ನಕ್ಷೆಯನ್ನು ಬರೆಯುತ್ತ ಬರೆಯುತ್ತ ಅವನ ಕಣ್ಣುಗಳೇ ಬಳಲಿದವು. ಉಳಿದ ಭಾಗವನ್ನು ಶಿಷ್ಯ ಹಾಫ್‌ಮನ್ನನು ಪೂರೈಸಬೇಕಾಯಿತು.

ಮುಂದೆ ಒಂದು ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ಅವನು ಊರುಗೋಲನ್ನೂ ಗಾಲಿಕುರ್ಚಿಯನ್ನೂ ಅವಲಂಬಿಸಿದನು. ೧೮೬೯ರಲ್ಲಿ ಪತ್ನಿ ಕ್ಲಾರಾ ತೀರಿಕೊಂಡಳು. ಮಕ್ಕಳ ಪೋಷಣೆಯ ಭಾರ ಅವನೊಬ್ಬನ ಮೇಲೆ ಬಿದ್ದಿತು. ಪ್ರಯೋಗಗಳಿಗೆ ದೇಹ ಒಗ್ಗದಾದಾಗ, ೧೮೭೫ರಲ್ಲಿ ಬರ್ಲಿನ್ನಿಗೆ ತೆರಳಿ ಸೈದ್ಧಾಂತಿಕ ಭೌತವಿಜ್ಞಾನದ ಪೀಠವನ್ನು ವಹಿಸಿಕೊಂಡನು. ೧೮೮೭ರ ಅಕ್ಟೋಬರ್ ೧೭ರಂದು ಅಲ್ಲಿಯೇ ನಿಧನನಾದನು.