ಡನ್‌ಲಪ್ ಹೆಸರು ಉಳೀತು, ಸವೆದವರು ಯಾರು?

ಸೈಕಲ್ಲಿನ ಫ್ರೇಮು ಅಪ್ಪನಿಂದ ಮಗನಿಗೆ ಬರುತ್ತೆ. ಟೈರು ಬರಲ್ಲ. ಚೈನು, ಬ್ರೇಕ್ ರಬ್ಬರುಗಳ ಹಾಗೆ ಅದೂ ಸವೆಯೋದಕ್ಕೇ ಇರುವ ಭಾಗ. ಅಂಥ ವಸ್ತುವಿನ ಮೇಲೆ ನೂರು ವರ್ಷ ದಾಟಿದರೂ ಸವೆಯದ ಹೆಸರು ಡನ್‌ಲಪ್. ಆ ಮನುಷ್ಯನ ಬದುಕನ್ನು ಇವತ್ತು ನೋಡಬೇಕಿರುವುದು ಒಂದೇ ಕಾರಣಕ್ಕೆ: ಒಂದು ಆವಿಷ್ಕಾರದ ಹೆಸರು ಯಾರಿಗೆ, ದುಡ್ಡು ಯಾರಿಗೆ, ನೋವು ಯಾರಿಗೆ?

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರಲ್ಲಿ, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಹಳ್ಳಿಯ ರೈತರ ಮನೆಯಲ್ಲಿ. ಓದಿದ್ದು ಪಶುವೈದ್ಯಕೀಯ. 1867ರಲ್ಲಿ ಐರ್ಲೆಂಡಿಗೆ ಹೋಗಿ, ಆಮೇಲೆ ಬೆಲ್‌ಫಾಸ್ಟ್ ಸೇರಿ ಕುದುರೆ, ದನಗಳಿಗೆ ಮದ್ದು ಮಾಡುತ್ತಾ ಒಳ್ಳೆಯ ಹೆಸರು ಗಳಿಸಿದ. ಎಂಜಿನಿಯರಿಂಗಿಗೂ ಆತನಿಗೂ ನಂಟಿರಲಿಲ್ಲ.

ಆಗಿನ ಸೈಕಲ್ಲಿಗೆ ಗಟ್ಟಿ ರಬ್ಬರಿನ ಪಟ್ಟಿ. ಕಲ್ಲು ಹಾಸಿದ ರಸ್ತೆಯಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕುಲುಕುತ್ತಿತ್ತು. 1887ರಲ್ಲಿ ಡನ್‌ಲಪ್ ತೆಳು ರಬ್ಬರಿನ ಕೊಳವೆ ಮಾಡಿ, ಮರದ ಚಕ್ರಕ್ಕೆ ಸುತ್ತಿ, ಮೇಲೆ ಬಟ್ಟೆ ಬಿಗಿದು ಗಾಳಿ ತುಂಬಿದ. ಹಳೆಯ ಗಾಲಿಯನ್ನೂ ಇದನ್ನೂ ಅಂಗಳದಲ್ಲಿ ಉರುಳಿಸಿ ನೋಡಿದಾಗ ಗಾಳಿಯದ್ದು ಬಹಳ ದೂರ ಓಡಿತು. ಕಾರಣ ಸರಳ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಇಡೀ ಗಾಡಿಯನ್ನು ಮೇಲೆತ್ತಬೇಕು, ಶಕ್ತಿ ಅಲ್ಲೇ ಪೋಲು. ಗಾಳಿಯ ಟೈರು ಕಲ್ಲಿನ ಸುತ್ತ ತಾನೇ ಬಗ್ಗುತ್ತೆ.

1888ರಲ್ಲಿ ಪೇಟೆಂಟ್ ಸಿಕ್ಕಿತು. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ರೇಸುಗಳಲ್ಲಿ ಗೆದ್ದ. ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್‌ಗೆ ಇದರಲ್ಲಿ ದುಡ್ಡಿದೆ ಅನ್ನೋದು ತಿಳಿಯಿತು. ಅದೇ ವರ್ಷ ಕಂಪನಿ ಶುರುವಾಯಿತು.

ಮರುವರ್ಷವೇ ಪೆಟ್ಟು ಬಿತ್ತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ 1845ರಲ್ಲೇ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದಿದ್ದ. ಆಗ ಅದನ್ನು ಕೊಳ್ಳಲು ಸೈಕಲ್ ಜಗತ್ತೇ ಇರಲಿಲ್ಲ, ಹಾಗಾಗಿ ಜನ ಮರೆತಿದ್ದರು. ಡನ್‌ಲಪ್ ಪೇಟೆಂಟ್ ಬಿದ್ದುಹೋಯಿತು.

ಹಾಗಾದರೆ ಕಂಪನಿ ಬದುಕಿದ್ದು ಹೇಗೆ? ಡನ್‌ಲಪ್ ಟೈರನ್ನು ಗಾಲಿಗೆ ಅಂಟಿಸಬೇಕಿತ್ತು. ಪಂಕ್ಚರ್ ಆದರೆ ಎಲ್ಲ ಕಿತ್ತು ಮತ್ತೆ ಅಂಟಿಸುವ ಗೋಳು. 1890ರಲ್ಲಿ ಚಾರ್ಲ್ಸ್ ವೆಲ್ಚ್ ಅಂಚಿಗೆ ತಂತಿ ಇಟ್ಟು, ರಿಮ್ಮಿನಿಂದ ಸುಲಭವಾಗಿ ಬಿಚ್ಚಬಹುದಾದ ಟೈರು ಮಾಡಿದ. ಆ ಹಕ್ಕನ್ನು ಕಂಪನಿ ಕೊಂಡುಕೊಂಡಿತು. ಇಲ್ಲೇ ಇರೋದು ವ್ಯಾಪಾರದ ಗುಟ್ಟು. ಸೈಕಲ್ ಒಂದು ಸಲ ಮಾರಾಟವಾಗುತ್ತೆ. ಬಿಚ್ಚಿ ಬದಲಿಸುವ ಟೈರು ಮತ್ತೆ ಮತ್ತೆ ಮಾರಾಟವಾಗುತ್ತೆ.

ಡನ್‌ಲಪ್ 1895ರಲ್ಲಿ ಕಂಪನಿ ಬಿಟ್ಟ. ಮರುವರ್ಷ ಅರ್ನೆಸ್ಟ್ ಹೂಲಿ ಎಂಬ ಹಣಕಾಸು ದಲ್ಲಾಳಿ ಅದನ್ನು 30 ಲಕ್ಷ ಪೌಂಡಿಗೆ ಕೊಂಡು, 50 ಲಕ್ಷಕ್ಕೆ ಷೇರುದಾರರಿಗೆ ದಾಟಿಸಿದ. ಟೈರಿಗೆ ಒಂದು ಹೊಲಿಗೆಯನ್ನೂ ಹಾಕದವನ ಲಾಭ ಅದು. ಡನ್‌ಲಪ್ ಗಡ್ಡದ ಮುಖ ಮಾತ್ರ ಟ್ರೇಡ್‌ಮಾರ್ಕ್ ಆಗಿ ಉಳಿಯಿತು. 1921ರಲ್ಲಿ ಆತ ಡಬ್ಲಿನ್ನಿನಲ್ಲಿ ತೀರಿಕೊಂಡ.

ಆದರೆ ಕತೆ ಅಲ್ಲಿಗೆ ಮುಗಿಯಲ್ಲ. ಸವೆದ ಪ್ರತಿ ಟೈರಿಗೂ ಹೊಸ ರಬ್ಬರು ಬೇಕಲ್ಲ? 1890ರ ದಶಕದಲ್ಲಿ ಅದರಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಕಾಡಿನಿಂದ. ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ ಕಾಂಗೋವನ್ನು ಸ್ವಂತ ಆಸ್ತಿ ಮಾಡಿಕೊಂಡಿದ್ದ. ಕಾಡು ಬಳ್ಳಿಗಳಿಂದ ಇಷ್ಟು ರಬ್ಬರು ತರಲೇಬೇಕು ಅಂತ ಹಳ್ಳಿ ಹಳ್ಳಿಗೆ ಲೆಕ್ಕ. ತರದಿದ್ದರೆ ಹೆಂಡತಿಯರು ಒತ್ತೆ. ಬಂದೂಕಿನ ಗುಂಡಿಗೆ ಲೆಕ್ಕ ಕೊಡಲು ಸೈನಿಕರು ಕತ್ತರಿಸಿದ ಕೈಗಳನ್ನು ತರುತ್ತಿದ್ದರು. ಬ್ರಿಟಿಷ್ ಕಾನ್ಸಲ್ ಆಗಿದ್ದ ಐರಿಷ್ ಮನುಷ್ಯ ರೋಜರ್ ಕೇಸ್‌ಮೆಂಟ್ 1904ರ ವರದಿಯಲ್ಲಿ ಇದನ್ನು ಜಗತ್ತಿನ ಮುಂದಿಟ್ಟ. 1908ರಲ್ಲಿ ಲಿಯೋಪೋಲ್ಡ್ ಕಾಂಗೋ ಬಿಟ್ಟುಕೊಡಬೇಕಾಯಿತು. ಆಮೇಲೆ ರಬ್ಬರು ಮಲಯದ ತೋಟಗಳಿಗೆ ಹೋಯಿತು. ಅಲ್ಲಿ ದುಡಿಯಲು ಬ್ರಿಟಿಷರು ಹಡಗು ಹತ್ತಿಸಿದ್ದು ದಕ್ಷಿಣ ಭಾರತದ ಕೂಲಿಗಳನ್ನು, ಹೆಚ್ಚಿನವರು ತಮಿಳರು.

ಇದು ಡನ್‌ಲಪ್ ಮಾಡಿದ್ದಲ್ಲ. ಮಗನ ಸವಾರಿ ಹಗುರಾಗಲಿ ಅಂದುಕೊಂಡ ಡಾಕ್ಟರು ಅಷ್ಟೇ ಆತ. ಹಾಗಂತ ಲಿಯೋಪೋಲ್ಡ್ ಒಬ್ಬನನ್ನೇ ಬೈದು ಸುಮ್ಮನಾಗೋಕೂ ಆಗಲ್ಲ. ಅಗ್ಗದ ರಬ್ಬರು ಎಲ್ಲಿಂದ ಬಂತು ಅಂತ ಕೇಳದೆ ಕೊಂಡವರು, ಮಾರಿದವರು, ಷೇರು ಹಿಡಿದವರು ಎಲ್ಲರೂ ಇದ್ದರು. ಹೀರೋ ಕತೆಯಲ್ಲಿ ಅವರಿಗೆ ಜಾಗವಿಲ್ಲ, ಕೈ ಕಳೆದುಕೊಂಡವರಿಗಂತೂ ಇಲ್ಲವೇ ಇಲ್ಲ.

ನಿಮ್ಮ ಫೋನಿನ ಬ್ಯಾಟರಿಯೂ ಟೈರಿನ ಹಾಗೆ ಸವೆಯುವ ವಸ್ತುವೇ. ಅಂಥ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಬರುತ್ತಿರುವುದು ಅದೇ ಕಾಂಗೋದ ಗಣಿಗಳಿಂದ.