ಡೆಮಾಸ್ಥನೀಸನ ಸಭಾಕಂಪ

ಮೊದಲನೆಯ ವರ್ಷದ ತರಗತಿಯಲ್ಲಿದ್ದಾಗ ನಾನು ಒಂದು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟೆನು. ನಾಲ್ಕು ಪುಟಗಳನ್ನು ಬಾಯಿಪಾಠ ಮಾಡಿಕೊಂಡು ವೇದಿಕೆ ಹತ್ತಿದವನಿಗೆ, ಸಭೆಗೆ ವಂದನೆ ಹೇಳಿದ ಮೇಲೆ ಒಂದಕ್ಷರವೂ ನೆನಪಾಗಲಿಲ್ಲ. ಮೊಣಕಾಲುಗಳು ನಡುಗಿದವು, ನಾಲಗೆ ಒಣಗಿತು, ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಇಳಿದು ಬಂದೆನು. ಇದಕ್ಕೆ ಸಭಾಕಂಪವೆಂದು ಹೆಸರು ಎಂಬುದನ್ನು ಅಂದು ಸಂಜೆ ಅಧ್ಯಾಪಕರೊಬ್ಬರಿಂದ ತಿಳಿದೆನು. ಅವರೇ ನನ್ನ ಸಮಾಧಾನಕ್ಕಾಗಿ ಗ್ರೀಸ್ ದೇಶದ ಡೆಮಾಸ್ಥನೀಸನ ಕಥೆಯನ್ನು ಹೇಳಿದರು. ತೊದಲುತ್ತಿದ್ದ ಆತನು ಬಾಯಲ್ಲಿ ಕಲ್ಲುಹರಳುಗಳನ್ನಿಟ್ಟುಕೊಂಡು ಮಾತಾಡಿ ಮಾತಾಡಿ ಮಹಾವಾಗ್ಮಿಯಾದನಂತೆ. ರಜೆಯಲ್ಲಿ ಊರಿಗೆ ಹೋದಾಗ ಹಳ್ಳದಿಂದ ನುಣ್ಣನೆಯ ಹರಳೆರಡನ್ನು ಆರಿಸಿ ತೊಳೆದು, ಬಾಯಿಗೆ ಹಾಕಿಕೊಂಡು, ಹೊಲದ ಬದುವಿನ ಮೇಲೆ ನಿಂತು ನಾನೂ ಭಾಷಣ ಮಾಡಿ ನೋಡಿದೆನು. ಇದನ್ನು ಕಂಡ ನಮ್ಮ ಅಜ್ಜಿಯು ಹುಡುಗನಿಗೆ ಗಾಳಿ ಸೋಕಿತೆಂದು ನಿಂಬೆಹಣ್ಣು ನಿವಾಳಿಸಿದಳು. ಸಭಾಕಂಪವೇನೋ ಹೋಗಲಿಲ್ಲ.

ಕಲ್ಲು ಪ್ರಯೋಜನಕ್ಕೆ ಬಾರದೆ ಹೋದುದರಿಂದ ಆ ಮನುಷ್ಯನ ಚರಿತ್ರೆಯನ್ನೇ ಓದೋಣವೆಂದು ಕಾಲೇಜಿನ ಪುಸ್ತಕಭಂಡಾರದಲ್ಲಿ ಪ್ಲೂಟಾರ್ಕನ ಗ್ರಂಥವನ್ನು ಹಿಡಿದು ಕುಳಿತೆನು. ಕಲ್ಲಿನ ಪ್ರಸಂಗವು ಅದರಲ್ಲಿ ಒಂದೆರಡು ಸಾಲು ಮಾತ್ರ. ಭಯವು ಆತನನ್ನು ಕೊನೆಯವರೆಗೂ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲವೆಂಬ ಸಂಗತಿಯನ್ನಂತೂ ನನಗೆ ಯಾರೂ ಹೇಳಿರಲಿಲ್ಲ.

ಡೆಮಾಸ್ಥನೀಸನು ಹುಟ್ಟಿದ್ದು ಕ್ರಿ. ಪೂ. 384ರಲ್ಲಿ, ಅಥೆನ್ಸ್ ನಗರ ರಾಜ್ಯದಲ್ಲಿ. (ಬಿ. ಎಂ. ಶ್ರೀಕಂಠಯ್ಯನವರು ಈಸ್ಕಿಲಸ್ ಕವಿಯ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಮೇಲೆ ಆ ನಗರವು ನಮಗೆ ತೀರ ಅಪರಿಚಿತವಲ್ಲ.) ತಂದೆಗೆ ಕತ್ತಿ ಮಾಡುವ ಒಂದು ಕಾರ್ಖಾನೆಯೂ ಮಂಚ ಮಾಡುವ ಇನ್ನೊಂದು ಕಾರ್ಖಾನೆಯೂ ಇದ್ದವು, ಎರಡರಲ್ಲಿಯೂ ದುಡಿಯುತ್ತಿದ್ದವರು ಗುಲಾಮರು. ಮಗನಿಗೆ 7 ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಸುಮಾರು 14 ಟ್ಯಾಲೆಂಟುಗಳಷ್ಟು ಆಸ್ತಿಯು ಮೂವರು ಪೋಷಕರ ಕೈಗೆ ಹೋಯಿತು. ಅಂದಿನ ಕೂಲಿಕಾರನು ದಿನಕ್ಕೊಂದು ಡ್ರಾಕ್ಮ ಸಂಪಾದಿಸುತ್ತಿದ್ದನು, ಒಂದು ಟ್ಯಾಲೆಂಟಿಗೆ 6000 ಡ್ರಾಕ್ಮಗಳು ಎಂದರೆ ಅದು ಎಷ್ಟು ದೊಡ್ಡ ಗಂಟೆಂಬುದು ತಿಳಿದೀತು. ಹುಡುಗನು ಪ್ರಾಪ್ತ ವಯಸ್ಕನಾದಾಗ ಅವನ ಕೈಗೆ ಬಂದುದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ಮೈ ಬಡಕಲು; ತಾಯಿಯು ಅವನನ್ನು ಗರಡಿಗೆ ಕಳುಹಿಸುತ್ತಿರಲಿಲ್ಲ; ಜೊತೆಯ ಹುಡುಗರು ಅಡ್ಡಹೆಸರಿಟ್ಟು ಹಾಸ್ಯ ಮಾಡುತ್ತಿದ್ದರು. ಇಂಥವನು ಮಾತಿನ ವಿದ್ಯೆಗೆ ಕೈಹಾಕಿದ್ದು ಕೀರ್ತಿಗಾಗಿ ಎಂದು ನನಗೆ ತೋರುವುದಿಲ್ಲ. ಅಥೆನ್ಸಿನ ನ್ಯಾಯಸ್ಥಾನದಲ್ಲಿ ವಾದಿ ಪ್ರತಿವಾದಿಗಳು ತಮ್ಮ ಪರವಾಗಿ ತಾವೇ ನಿಂತು ಮಾತಾಡಬೇಕಾಗಿದ್ದಿತು. ಮಾತು ಬಾರದವನ ಆಸ್ತಿಯು ಹೋದಂತೆಯೇ. ಆತನು ಐಸೀಯಸ್ ಎಂಬ ದಾಯವಿವಾದಗಳ ನಿಪುಣನಲ್ಲಿ ಕಲಿತು, 20 ವರ್ಷದ ಸುಮಾರಿನಲ್ಲಿ ಅಫೋಬಸ್ ಎಂಬ ಪೋಷಕನ ಮೇಲೆ ದಾವೆ ಹೂಡಿ ಗೆದ್ದನು. ತೀರ್ಪಿನಂತೆ ಹಣವನ್ನು ವಸೂಲು ಮಾಡುವುದು ಮಾತ್ರ ಗೆದ್ದುದಕ್ಕಿಂತ ಕಷ್ಟವಾಯಿತು. ಈ ಭಾಗವನ್ನು ಓದುವಾಗ ನಮ್ಮ ಊರುಗಳ ಪಾಲುಪಾರೀಕತ್ತಿನ ವ್ಯಾಜ್ಯಗಳು ನೆನಪಾದವು.

ನ್ಯಾಯಸ್ಥಾನದಲ್ಲಿ ಗೆದ್ದವನು ಜನಸಭೆಯಲ್ಲಿ ಸೋತನು. ನಿಕ್ಸ್ ಎಂಬ ಗುಡ್ಡದ ಮೇಲೆ ಬಯಲಿನಲ್ಲಿ ಸಾವಿರಾರು ಪೌರರು ಸೇರುತ್ತಿದ್ದರು. ಆ ಕಾಲಕ್ಕೆ ಧ್ವನಿವರ್ಧಕವೆಲ್ಲಿಯದು? ಇವನ ಧ್ವನಿ ಕ್ಷೀಣ, ಉಸಿರು ಗಿಡ್ಡ. ಉದ್ದ ವಾಕ್ಯದ ನಡುವೆ ಉಸಿರು ಕಟ್ಟಿ ಅರ್ಥವೇ ಮುರಿದುಹೋಗುತ್ತಿದ್ದಿತು. ರಕಾರವಂತೂ ಹೊರಳುತ್ತಲೇ ಇರಲಿಲ್ಲ. ಜನರು ಗದ್ದಲವೆಬ್ಬಿಸಿ ನಕ್ಕರು. ಮತ್ತೊಮ್ಮೆ ಹೀಗೆಯೇ ಸೋತು ಮುಖ ಮುಚ್ಚಿಕೊಂಡು ಮನೆಗೆ ಹೊರಟಿದ್ದಾಗ ಸ್ಯಾಟಿರಸ್ ಎಂಬ ನಟನು ಜೊತೆಗೂಡಿದನು. ಕುಡುಕರೂ ನಾವಿಕರೂ ಎದ್ದು ಮಾತಾಡಿದರೆ ಜನ ಕೇಳುತ್ತಾರೆ, ಇಷ್ಟು ದುಡಿಯುವ ತನ್ನನ್ನು ಕೇಳುವುದಿಲ್ಲವೆಂದು ಡೆಮಾಸ್ಥನೀಸನು ಗೋಳಿಟ್ಟನು. ನಟನು ಯಾವುದಾದರೂ ನಾಟಕದ ಒಂದು ಭಾಗವನ್ನು ಒಪ್ಪಿಸೆಂದನು. ಒಪ್ಪಿಸಿದ್ದಾಯಿತು. ಅದೇ ಭಾಗವನ್ನು ನಟನು ಆ ಪಾತ್ರದ ಮನೋಭಾವಕ್ಕೆ ತಕ್ಕಂತೆ ಹೇಳಿ ತೋರಿಸಿದನು. ಪದಗಳು ಅವೇ; ಆದರೆ ಬೇರೊಂದನ್ನೇ ಕೇಳಿದಂತಾಯಿತು.

ಅನಂತರದ ಸಾಧನೆಯೇ ಲೋಕಪ್ರಸಿದ್ಧವಾದದ್ದು. ನೆಲಮಾಳಿಗೆಯಲ್ಲಿ ಒಂದು ಅಭ್ಯಾಸದ ಕೋಣೆಯನ್ನು ಕಟ್ಟಿಸಿಕೊಂಡು ಎರಡು ಮೂರು ತಿಂಗಳು ಅಲ್ಲಿಯೇ ಇರುತ್ತಿದ್ದನು. ಹೊರಗೆ ಹೋಗುವ ಆಸೆಯಾದರೂ ಹೋಗಲು ನಾಚಿಕೆಯಾಗಲೆಂದು ತಲೆಯನ್ನು ಅರ್ಧ ಬೋಳಿಸಿಕೊಳ್ಳುತ್ತಿದ್ದನು. ಏರು ಹತ್ತುತ್ತ ಏದುಸಿರಿನಲ್ಲಿಯೇ ಪದ್ಯಗಳನ್ನು ಹೇಳುವುದು, ದೊಡ್ಡ ಕನ್ನಡಿಯ ಮುಂದೆ ನಿಂತು ಮಾತಾಡುವುದು, ಬಾಯಲ್ಲಿ ಹರಳು, ಹೀಗೆ. ಹರಳಿನ ವಿಷಯವನ್ನು ಮುದುಕನಾದ ಡೆಮಾಸ್ಥನೀಸನ ಬಾಯಿಂದಲೇ ಕೇಳಿದೆನೆಂದು ಫೇಲರಮ್ ಊರಿನ ಡಿಮೀಟ್ರಿಯಸನು ಹೇಳಿದ್ದನಂತೆ; ಆದುದರಿಂದ ಅದು ಕಟ್ಟುಕಥೆಯಿರಲಾರದು. ಆದರೂ ನಾಲಗೆ ಹೊರಳಿದ ಮಾತ್ರಕ್ಕೆ ಒಬ್ಬನು ವಾಗ್ಮಿಯಾಗುವನೇ?

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾಗಿ ಕಂಡುದು ಆತನ ಜೀವನೋಪಾಯ. ಆಸ್ತಿ ಕಳೆದುಕೊಂಡ ಡೆಮಾಸ್ಥನೀಸನು ಬೇರೆಯವರಿಗೆ ನ್ಯಾಯಸ್ಥಾನದ ಭಾಷಣಗಳನ್ನು ಬರೆದುಕೊಟ್ಟು ಬದುಕಿದನು. ಬರೆದುದನ್ನು ಕಕ್ಷಿಗಾರನು ಬಾಯಿಪಾಠ ಮಾಡಿ, ಗಡಿಗೆಯ ನೀರು ಸೋರಿ ಮುಗಿಯುವಷ್ಟು ಹೊತ್ತಿನಲ್ಲಿ, ನೂರಾರು ಮಂದಿ ನ್ಯಾಯದರ್ಶಿಗಳ ಮುಂದೆ ತನ್ನ ಮಾತೇ ಎಂಬಂತೆ ಹೇಳಬೇಕು. ಬಡವನ ಬಾಯಲ್ಲಿ ಪಂಡಿತನ ಮಾತು ಬಂದರೆ ಯಾರು ನಂಬುತ್ತಾರೆ? ಆದುದರಿಂದ ಮೊದಲು ಅವನ ಕಷ್ಟವನ್ನು ಕಿವಿಗೊಟ್ಟು ಕೇಳಬೇಕು. ಈ ಕೆಲಸದ ಸ್ವಲ್ಪ ಪರಿಚಯ ನನಗೂ ಉಂಟು. ನಮ್ಮ ಕೇರಿಯಲ್ಲಿ ಕಾಲೇಜು ಹತ್ತಿದವನು ನಾನೊಬ್ಬನೇ ಆದುದರಿಂದ ಪಿಂಚಣಿ, ಪಹಣಿ, ಪಡಿತರ ಚೀಟಿ ಎಂದು ಅರ್ಜಿ ಬರೆಸಲು ಜನ ಬರುತ್ತಾರೆ. ಮೊದಮೊದಲು ನಾನು ಘನವಾದ ಪದಗಳನ್ನು ಹುಡುಕಿ ಬರೆಯುತ್ತಿದ್ದೆನು. ಅರ್ಜಿಗಳು ಹಾಗೆಯೇ ಹಿಂದಿರುಗುತ್ತಿದ್ದವು. ಒಬ್ಬ ಮುದುಕಿಯು ತನಗಾದುದನ್ನು ಹೇಳಿದ ಕ್ರಮದಲ್ಲಿಯೇ ಬರೆದುಕೊಟ್ಟ ಅರ್ಜಿಯು ಫಲಿಸಿತು.

ಕ್ರಿ. ಪೂ. 351ರಿಂದ ಮುಂದೆ ಆತನ ಮಾತಿಗೆ ಒಂದೇ ಗುರಿ: ಉತ್ತರದಲ್ಲಿ ಬೆಳೆಯುತ್ತಿದ್ದ ಮ್ಯಾಸಿಡೋನಿಯದ ದೊರೆ ಫಿಲಿಪ್. ಗ್ರೀಕ್ ನಗರಗಳನ್ನು ಒಂದೊಂದಾಗಿ ನುಂಗುತ್ತಿದ್ದ ಆತನ ವಿರುದ್ಧ ಮೈಮರೆತ ಪೌರರನ್ನು ಎಬ್ಬಿಸಲು ವರ್ಷಗಟ್ಟಲೆ ಮಾತಾಡಿದನು. ಕ್ರಿ. ಪೂ. 346ರಲ್ಲಿ ಸಂಧಿಗಾಗಿ 10 ಮಂದಿ ರಾಯಭಾರಿಗಳು ಪೆಲ್ಲ ನಗರಕ್ಕೆ ಹೋದರು. ಎಲ್ಲರಿಗಿಂತ ಕೊನೆಗೆ, ಎಲ್ಲರೂ ಕುತೂಹಲದಿಂದ ಕಾದಿದ್ದಾಗ, ಡೆಮಾಸ್ಥನೀಸನು ಫಿಲಿಪನ ಮುಂದೆ ಎದ್ದು ನಿಂತನು. ಪೀಠಿಕೆಯನ್ನು ತಡವರಿಸುತ್ತ ಹೇಳಿ ಮೌನವಾದನು. ದೊರೆಯು ಧೈರ್ಯ ಹೇಳಿ ಮತ್ತೆ ಆರಂಭಿಸುವಂತೆ ಸೂಚಿಸಿದನು. ಮತ್ತೆ ಆರಂಭಿಸಿ ಮತ್ತೆ ನಿಂತುಹೋದನು. ಆಗ ಆತನಿಗೆ 38 ವರ್ಷ, ಗ್ರೀಸಿನಲ್ಲೆಲ್ಲ ಹೆಸರಾಗಿದ್ದನು! ಇದನ್ನು ಬರೆದಿಟ್ಟವನು ಆತನ ವೈರಿಯಾದ ಈಸ್ಕಿನೀಸ್; ಸ್ವಲ್ಪ ಬಣ್ಣ ಬಳಿದಿರಬಹುದು. ಆದರೆ ಅಲ್ಲಿ ಬೇರೆ ರಾಯಭಾರಿಗಳೂ ಇದ್ದುದರಿಂದ ಶುದ್ಧ ಸುಳ್ಳನ್ನು ಹೇಳುವುದು ಸುಲಭವಾಗಿರಲಿಲ್ಲ. ಸಿದ್ಧತೆಯಿಲ್ಲದೆ ಮಾತಾಡಲು ಆತನು ಎಂದಿಗೂ ಹಿಂಜರಿಯುತ್ತಿದ್ದನು. ಆತನ ಮಾತಿಗೆ ರಾತ್ರಿಯ ದೀಪದ ವಾಸನೆಯಿದೆಯೆಂದು ಜನ ಹಂಗಿಸುತ್ತಿದ್ದರು.

ಇದನ್ನು ಓದಿದ ರಾತ್ರಿ ನನಗೆ ಬಹಳ ದಿನಗಳ ಮೇಲೆ ಸುಖವಾಗಿ ನಿದ್ರೆ ಬಂದಿತು. ಮುಂದಿನ ವರ್ಷ ಚರ್ಚಾಸ್ಪರ್ಧೆಗೆ ಮತ್ತೆ ಹೆಸರು ಕೊಟ್ಟೆನು. ನಡುವೆ ಎರಡು ಸಲ ನಿಂತೆನು. ಬಹುಮಾನ ಬರಲಿಲ್ಲ, ಇಳಿದೂ ಬರಲಿಲ್ಲ.

ಕ್ರಿ. ಪೂ. 339ರಲ್ಲಿ ಫಿಲಿಪನು ಎಲಟೀಯ ಎಂಬ ಊರನ್ನು ಹಿಡಿದನೆಂಬ ಸುದ್ದಿಯು ಒಂದು ಸಂಜೆ ಅಥೆನ್ಸಿಗೆ ಮುಟ್ಟಿತು. ಅಲ್ಲಿಂದ ಅಥೆನ್ಸಿಗೆ ದಾರಿ ತೆರೆದಂತೆಯೇ. ಮರುದಿನ ಬೆಳಗಿನಲ್ಲಿ ಗುಡ್ಡವು ಜನರಿಂದ ತುಂಬಿತು. ಮಾತಾಡುವವರು ಯಾರೆಂದು ಸಾರುವವನು ಮತ್ತೆ ಮತ್ತೆ ಕೂಗಿದನು. ದಂಡನಾಯಕರೂ ಇದ್ದರು, ಹಳೆಯ ಭಾಷಣಕಾರರೂ ಇದ್ದರು, ಯಾರೂ ಏಳಲಿಲ್ಲ. ಡೆಮಾಸ್ಥನೀಸನು ಎದ್ದನು. ಹಳೆಯ ಹಗೆಯನ್ನು ಮರೆತು ಥೀಬ್ಸ್ ನಗರದೊಡನೆ ಕೂಡಿ ಎದುರಿಸಬೇಕೆಂದನು. ಸಭೆ ಒಪ್ಪಿತು, ಥೀಬ್ಸೂ ಒಪ್ಪಿತು. ಮರುವರ್ಷ ಕೆರೋನೀಯದ ಯುದ್ಧದಲ್ಲಿ ಎರಡು ನಗರಗಳೂ ಸೋತವು. ಸಾಮಾನ್ಯ ಸೈನಿಕನಾಗಿ ಹೋಗಿದ್ದ ಡೆಮಾಸ್ಥನೀಸನೂ ಓಡಿ ಬಂದವರಲ್ಲಿ ಒಬ್ಬನು. ಆದರೂ ಸತ್ತವರಿಗೆ ಚರಮಭಾಷಣ ಮಾಡಲು ಪೌರರು ಆತನನ್ನೇ ಆರಿಸಿದರು. ಆತನಿಗೆ ಚಿನ್ನದ ಕಿರೀಟವನ್ನು ಕೊಡಬೇಕೆಂದು ಟೆಸಿಫನ್ ಎಂಬವನು ಸೂಚಿಸಿದಾಗ ಈಸ್ಕಿನೀಸನು ದಾವೆ ಹೂಡಿದನು. ಈಸ್ಕಿನೀಸನು ಹಿಂದೆ ನಟನಾಗಿದ್ದವನು, ಕಂಚಿನ ಕಂಠದವನು. ಕ್ರಿ. ಪೂ. 330ರ ವಿಚಾರಣೆಯಲ್ಲಿ ಡೆಮಾಸ್ಥನೀಸನು ಸೋಲನ್ನು ಮುಚ್ಚಿಡಲಿಲ್ಲ. ಸೋಲು ಮೊದಲೇ ತಿಳಿದಿದ್ದರೂ ಅಥೆನ್ಸ್ ಅದನ್ನೇ ಮಾಡಬೇಕಾಗಿದ್ದಿತೆಂದು ವಾದಿಸಿದನು. ಈಸ್ಕಿನೀಸನಿಗೆ ಐದರಲ್ಲೊಂದು ಪಾಲು ಮತವೂ ಬೀಳದೆ ಆತನು ಊರು ಬಿಟ್ಟನು.

ಇಷ್ಟು ಹೇಳಿ ಉಳಿದುದನ್ನು ಮರೆಮಾಚುವುದು ಸರಿಯಲ್ಲ. ಅಲೆಕ್ಸಾಂಡರನ ಕೋಶಾಧಿಕಾರಿ ಹರ್ಪಾಲಸನು ಕದ್ದ ಹಣದೊಡನೆ ಅಥೆನ್ಸಿಗೆ ಓಡಿಬಂದಾಗ ಡೆಮಾಸ್ಥನೀಸನು ಅದರಲ್ಲಿ ಪಾಲು ತೆಗೆದುಕೊಂಡನೆಂಬ ಆರೋಪ ಬಂದಿತು. ಒಂದು ದಿನ ಸಭೆಗೆ ಕೊರಳಿಗೆ ಉಣ್ಣೆ ಸುತ್ತಿಕೊಂಡು ಬಂದು, ಗಂಟಲು ಕಟ್ಟಿದೆಯೆಂದು ಸನ್ನೆಯಿಂದ ತೋರಿಸಿ ಸುಮ್ಮನಿದ್ದನಂತೆ; ಬೆಳ್ಳಿಯ ಗಂಟಲುಬೇನೆಯೆಂದು ಜನ ನಕ್ಕರು. ನ್ಯಾಯಸ್ಥಾನವು 50 ಟ್ಯಾಲೆಂಟು ದಂಡ ವಿಧಿಸಿತು. ಆತನು ದೇಶ ಬಿಟ್ಟು ಓಡಿದನು.

ಕ್ರಿ. ಪೂ. 323ರಲ್ಲಿ ಅಲೆಕ್ಸಾಂಡರನು ಸತ್ತ ಮೇಲೆ ಅಥೆನ್ಸ್ ಆತನನ್ನು ಗೌರವದಿಂದ ಹಿಂದಕ್ಕೆ ಕರೆಯಿಸಿಕೊಂಡಿತು. ಮರುವರ್ಷವೇ ಮ್ಯಾಸಿಡೋನಿಯದ ಸೈನ್ಯವು ಮತ್ತೆ ಗೆದ್ದಿತು. ಅದೇ ಪೌರಸಭೆಯು ಆತನಿಗೆ ಮರಣದಂಡನೆಯನ್ನು ವಿಧಿಸಿತು. ಕಲೌರಿಯ ದ್ವೀಪದಲ್ಲಿ ಸಮುದ್ರದೇವನ ಗುಡಿಯೊಳಗೆ ಆಶ್ರಯ ಪಡೆದಿದ್ದಾಗ ಆತನನ್ನು ಹಿಡಿಯಲು ಬಂದ ಆರ್ಕಿಯಸನೂ ಹಿಂದೆ ನಟನೇ. ಆ ನಟನು ಸಿಹಿಯಾದ ಮಾತುಗಳಿಂದ ಹೊರಗೆ ಕರೆದನು. ಡೆಮಾಸ್ಥನೀಸನು ಮನೆಗೆ ಒಂದು ಕಾಗದ ಬರೆಯುವುದಿದೆಯೆಂದು ಒಳಕ್ಕೆ ಸರಿದು, ಯೋಚಿಸುವಾಗ ಯಾವಾಗಲೂ ಮಾಡುತ್ತಿದ್ದಂತೆ ಲೇಖನಿಯ ತುದಿಯನ್ನು ಕಚ್ಚಿಕೊಂಡು ಕುಳಿತನು. ಬಾಗಿಲಲ್ಲಿದ್ದ ಸಿಪಾಯಿಗಳು ಹೇಡಿಯೆಂದು ನಕ್ಕರು. ವಿಷವು ಆ ಲೇಖನಿಯಲ್ಲಿದ್ದಿತು.