ನೆಲವನ್ನೋದಿದ ರಾಬರ್ಟ್ ಬ್ರೂಸ್ ಫೂಟ್

ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಎರೆಭೂಮಿಗೆ ಒಗ್ಗಿದ ಕಣ್ಣಿಗೆ ಬಾದಾಮಿಯ ಕೆಂಬಂಡೆಗಳೂ ಬಳ್ಳಾರಿಯ ಗುಂಡುಕಲ್ಲಿನ ಬೆಟ್ಟಗಳೂ ಬೇರೊಂದು ಲೋಕದಂತೆ ತೋರುತ್ತವೆ. ಈ ಸೀಮೆಗಳನ್ನು ವರ್ಷಗಟ್ಟಲೆ ಸುತ್ತಿ, ಅವುಗಳ ರೂಪಭೇದಕ್ಕೆ ಕಾರಣವನ್ನು ಶಿಲೆಗಳಲ್ಲಿ ಅರಸಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯನ್ನು ಸೇರಿ ಮದರಾಸಿಗೆ ಬಂದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿಗಾಗಿ ಅಗೆದ ಗುಂಡಿಯೊಂದರಲ್ಲಿ, ಮನುಷ್ಯನ ಕೈ ಕೆತ್ತಿದ ಕಲ್ಲೊಂದು ಅವರಿಗೆ ದೊರೆಯಿತು. ಭಾರತದಲ್ಲಿ ಹಳೆ ಶಿಲಾಯುಗದ ಮಾನವನಿದ್ದನೆಂಬುದಕ್ಕೆ ಅದು ಮೊದಲ ಸಾಕ್ಷಿಯಾಯಿತು. ಪಠ್ಯಗಳು ಸಾಮಾನ್ಯವಾಗಿ ಅವರ ಬಾಳನ್ನು ಈ ಒಂದೇ ದಿನಕ್ಕೆ ಇಳಿಸಿಬಿಡುತ್ತವೆ. ಅದು ಅನ್ಯಾಯ.

ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಹೊರಬಂತು. ಇಂದಿನ ಬೆಳಗಾವಿ, ಬಾಗಲಕೋಟೆ, ಧಾರವಾಡದ ನೆಲವೆಲ್ಲ ಆಗ ಆ ಹೆಸರಿನಡಿಯಲ್ಲಿತ್ತು. ಇದರ ಉತ್ತರಕ್ಕೆ ಹರಡಿರುವುದು ಲಾವಾ ಹೆಪ್ಪುಗಟ್ಟಿ ಆದ ಕಪ್ಪುಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪ್ರವಾಹದ ಮೇಲೆ ಪ್ರವಾಹ ಹರಿದು ಪದರುಗಟ್ಟಿದ ಈ ಶಿಲೆಯಲ್ಲಿ ಮೆತ್ತನೆಯ ಪದರು ಬೇಗ ಸವೆಯುತ್ತದೆ, ಗಟ್ಟಿಯದು ಉಳಿಯುತ್ತದೆ. ಹೀಗಾಗಿ ಗುಡ್ಡಗಳಿಗೆ ಚಪ್ಪಟೆ ನೆತ್ತಿ, ಮೆಟ್ಟಿಲು ಮೆಟ್ಟಿಲಾದ ಪಕ್ಕೆ. ಈ ಶಿಲೆಗೆ ಸಂದ ಟ್ರ್ಯಾಪ್ ಎಂಬ ಹೆಸರಿನ ಮೂಲವೂ ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದವೇ. ಭಾಷೆಯ ವಿದ್ಯಾರ್ಥಿಗಳು ಗಮನಿಸತಕ್ಕ ಮಾತಿದು. ಇದೇ ಶಿಲೆ ಶಿಥಿಲವಾಗಿ ಎರೆಮಣ್ಣಾಗುತ್ತದೆ.

ದಕ್ಷಿಣಕ್ಕೆ ಬಂದಂತೆ ಈ ಹೊದಿಕೆ ತೆಳುವಾಗಿ ಮುಗಿದು, ಅದಕ್ಕಿಂತ ಎಷ್ಟೋ ಪ್ರಾಚೀನವಾದ ಮರಳುಗಲ್ಲು, ಸುಣ್ಣಕಲ್ಲುಗಳು ತಲೆಯೆತ್ತುತ್ತವೆ. ಕಲಾದಗಿಯ ಹೆಸರಿನಿಂದ ಇವು ಪ್ರಸಿದ್ಧ. ಮರಳುಗಲ್ಲು ಸುಲಭವಾಗಿ ಕರಗುವುದಲ್ಲ. ಅದರ ನೆಟ್ಟನೆಯ ಸೀಳುಗಳಲ್ಲಿ ನೀರಿಳಿದು, ಅಡಿಯ ಮೆತ್ತನೆಯ ಪದರು ಸವೆದಾಗ ಮೇಲಿನ ಬಂಡೆ ಆಸರೆ ತಪ್ಪಿ ಇಡಿಯಾಗಿ ಉರುಳುತ್ತದೆ. ಉಳಿದ ಮುಖ ಗೋಡೆಯಂತೆ ನಿಲ್ಲುತ್ತದೆ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಇಂಥ ಗಟ್ಟಿ ಅಂಚಿನಿಂದ. ನವಿಲುತೀರ್ಥದಲ್ಲಿ ಮಲಪ್ರಭೆ ಇಂಥ ಗುಡ್ಡದ ಸಾಲನ್ನೇ ಸೀಳಿ ದಾರಿ ಮಾಡಿಕೊಂಡಿದೆ.

ಹೀಗೆ ಸೀಳಿದ ಕಲ್ಲು ಎಲ್ಲಿಗೆ ಹೋಯಿತು? ಫೂಟ್ ಅವರ ಪ್ರತಿಭೆ ಕಾಣುವುದು ಈ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದ್ದರಲ್ಲಿ. ಹೊಳೆಗಳು ಉರುಳಿಸಿ ತಂದು ದಂಡೆಯಲ್ಲಿ ಹಾಸಿದ ಜಲ್ಲಿಯ ಪದರುಗಳಲ್ಲಿ ಅವರಿಗೆ ಕೈಗೊಡಲಿಗಳು ಸಿಕ್ಕವು. ಅವು ಹೆಚ್ಚಾಗಿ ಮರಳುಗಲ್ಲು ಗಟ್ಟಿಗೊಂಡು ಆದ ಕ್ವಾರ್ಟ್ಸೈಟಿನವು. ಬೆಟ್ಟವನ್ನು ನದಿ ಒಡೆಯಿತು, ಒಡೆದುದನ್ನು ಆದಿಮಾನವ ಆಯ್ದು ಕೆತ್ತಿದ. ಅವನ ನೆಲೆಗಳಿಗೂ ಈ ಶಿಲೆ ದೊರೆಯುವ ಸ್ಥಳಗಳಿಗೂ ಇರುವ ನಂಟನ್ನು ಫೂಟ್ ಗುರುತಿಸಿದರು. ಗೋಕಾಕದ ಸಮೀಪ ಹಳ್ಳವೊಂದರ ದಂಡೆಯಲ್ಲಿ ದೊರೆತ ಖಡ್ಗಮೃಗದ ಅಸ್ಥಿಗಳನ್ನು 1874ರಲ್ಲಿ ವಿವರಿಸಿದವರೂ ಅವರೇ.

ಮುಂದೆ ಧಾರವಾಡದ ಹೆಸರನ್ನು ಅವರು ದಕ್ಷಿಣ ಭಾರತದ ಅತಿ ಪ್ರಾಚೀನ, ಚಿನ್ನ ಗರ್ಭಿಸಿದ ಶಿಲಾಸಮೂಹಕ್ಕೆ ಇತ್ತರು. ಜಗತ್ತಿನ ಭೂವಿಜ್ಞಾನದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಬಳ್ಳಾರಿ ಜಿಲ್ಲೆಯ ಗ್ರಂಥ 1895ರದು. ಅಲ್ಲಿ ಗ್ರಾನೈಟಿನ ಬಿರುಕುಗಳಲ್ಲಿ ಹೊಕ್ಕ ನೀರು ಬಂಡೆಯ ಮೂಲೆಗಳನ್ನು ಮೊದಲು ತಿಂದು ಗುಂಡಗಾಗಿಸುತ್ತದೆ. ಅಂಥ ಬೆಟ್ಟಗಳ ಮೇಲೆ ನವಶಿಲಾಯುಗದವರ ಕೊಡಲಿಗಳನ್ನು ಅವರು ರಾಶಿಯಾಗಿ ಕೂಡಿಸಿದರು. ಆ ಸೀಮೆಯ ಬೂದಿದಿಬ್ಬಗಳು ಸುಟ್ಟ ಸಗಣಿಯವೆಂಬ ಅವರ ತೀರ್ಮಾನವನ್ನು ಮುಂದಿನ ಸಂಶೋಧನೆ ಎತ್ತಿಹಿಡಿಯಿತು.

ಎಲ್ಲ ಊಹೆಗಳೂ ನಿಲ್ಲಲಿಲ್ಲ. ಗುಜರಾತಿನ ಸಾಬರಮತಿಯ ದಂಡೆಯಲ್ಲಿ ಜಲ್ಲಿಯ ಮೇಲೆ ಕುಳಿತ ದಪ್ಪ ಮೆಕ್ಕಲನ್ನು ಕಂಡು, ಎರಡು ಶಿಲಾಯುಗಗಳ ನಡುವೆ ಮನುಷ್ಯರಿಲ್ಲದ ದೀರ್ಘ ಕಾಲವಿತ್ತೆಂದು ಅವರು ಬಗೆದರು. ಆ ನಡುವಿನವರ ಪುಟ್ಟ ಕಲ್ಲಾಯುಧಗಳು ಆಮೇಲೆ ದೊರೆತವು.

1891ರಲ್ಲಿ ನಿವೃತ್ತರಾದರೂ ಬರೋಡಾ, ಮೈಸೂರು ಸಂಸ್ಥಾನಗಳಿಗಾಗಿ ಮತ್ತೆ ನೆಲ ಸುತ್ತಿದರು. ಕೊನೆಗೆ ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿದರು. ಬಾಳಿನುದ್ದಕ್ಕೂ ಕೂಡಿಸಿದ ಕಲ್ಲುಗಳ ಸಂಗ್ರಹ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಫೂಟ್ ತೀರಿಕೊಂಡಾಗ, ಒಂದೊಂದು ಕಲ್ಲೂ ಸಿಕ್ಕ ತಾಣವನ್ನು ಹೇಳುವ ಅವರ ಟಿಪ್ಪಣಿಗಳು ಇನ್ನೂ ಅಚ್ಚಾಗಬೇಕಿತ್ತು.